ಗಾಜಿಗೂ ಮೂಲೆಗೂ ನಡುವೆ

ಕಣ್ಣ ಮೇಲೇ ಬೀಳಬೇಕೇ ಈ ಹನಿ, ಪಿಕಪ್ಪಿನ ಅಡಿಯಲ್ಲಿ ಇಷ್ಟಗಲ ನೆಲ ಖಾಲಿ ಬಿದ್ದಿದೆ, ಆದರೂ ಕೆಸರುನೀರು ಹುಡುಕಿಕೊಂಡು ಬಂದು ಅರ್ಲೀನಳ ಬಲರೆಪ್ಪೆಯ ಮೇಲೇ ಕೂತಿತು, ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ನಟ್ಟು, ಇನ್ನೊಂದರಲ್ಲಿ ಸ್ಪ್ಯಾನರು, ಕೂತಿರಲಿ ಬಿಡು, ತೂತು ನೋಡಲು ಒಂದು ಕಣ್ಣು ಸಾಕು — ಮೂರು ತೂತುಗಳಲ್ಲಿ ಬೋಲ್ಟಿನ ತುದಿ ಕೆಳಗಿಳಿದು ನಿಂತಿದೆ, ನಾಲ್ಕನೆಯದರಲ್ಲಿ ಮಾತ್ರ ಅರ್ಧ ಬೆಳಕು ಅರ್ಧ ಕಬ್ಬಿಣ, ಬರ್ತಾ ಇದೆಯಾ ಟಾನಿ ಅಂತ ಮೇಲಿನಿಂದ ಹೆನ್ನಿ ಕೇಳುತ್ತಾನೆ, ದಕ್ಷಿಣ ಆಫ್ರಿಕಾದಿಂದ ವರ್ಷವರ್ಷ ಮೇ ತಿಂಗಳಿಗೆ ಬಂದು ಇವರ ಕಟಾವು ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕು, ಅವನ ಕಡೆ ದೊಡ್ಡ ಹೆಂಗಸರೆಲ್ಲ ಟಾನಿಯರು, ಬರಲ್ಲ ಕಣೋ, ಬಂದಿದ್ರೆ ನಾನು ಇಷ್ಟು ಹೊತ್ತು ಇಲ್ಲಿ ಮಲಗಿರ್ತಿದ್ನಾ, ಸುತ್ತಿಗೇಲಿ ಒಂದು ಕೊಡ್ಲಾ, ಕೊಡು, ಆಮೇಲೆ ಬೋಲ್ಟಿನ ಎಳೆ ಕೆಟ್ಟು ಅದೂ ಹೋಗ್ಲಿ. ಚಕ್ರದ ಆಚೆ ತಮ್ಮ ವೆಂಡೆಲನ ಬೂಟುಗಳು ಬಂದು ನಿಂತವು, ಬೂಟುಗಳಿಗೂ ಒಂದು ಮುಖಭಾವ ಇರುತ್ತದೆ, ಇವು ಅಕ್ಕನಿಗೆ ಬುದ್ಧಿ ಹೇಳಲು ಬಂದ ಬೂಟುಗಳು, ಅಕ್ಕಾ ಗಾಳಿ ಎದ್ದಿದೆ, ಮಳೇಲಿ ನೆಂದ ಗೋಧಿ ಮೂರು ಗಂಟೆಗೆಲ್ಲಾ ಒಣಗಿರತ್ತೆ, ಗೊತ್ತು, ಆಗ ಹೆನ್ನಿ ನಂಗೆ ಬೇಕು, ಕರ್ಕೊಂಡು ಹೋಗು, ಮತ್ತೆ ಈ ಕೊಂಡಿ, ಕೊಂಡಿ ಮೂರಕ್ಕೆ ಮುಂಚೆ ಕೂರತ್ತೆ ಅಂದಳು ಅರ್ಲೀನ್, ತಮ್ಮನಿಗಲ್ಲ, ನಟ್ಟಿಗೆ.

ಐದನೇ ಚಕ್ರ ಅಂತ ಆ ಕೊಂಡಿಯ ಹೆಸರು, ಚಕ್ರದ ಲಕ್ಷಣ ಒಂದೂ ಇಲ್ಲ, ದೋಸೆ ಕಾವಲಿಯಂಥ ಕಬ್ಬಿಣದ ತಟ್ಟೆ, ನಡುವೆ ಒಂದು ದವಡೆ, ಅದನ್ನು ಪಿಕಪ್ಪಿನ ತೊಟ್ಟಿಯಲ್ಲಿ ಹಿಂದಿನ ಅಚ್ಚಿನ ನೆತ್ತಿಗೆ ಸರಿಯಾಗಿ ಬಿಗಿಯಬೇಕು, ಟ್ರೇಲರಿನ ಮೂಗಿನಡಿಯ ಗೂಟ ಬಂದು ದವಡೆಗೆ ಸಿಕ್ಕಬೇಕು, ಸಿಕ್ಕಿದರೆ ಆ ಟ್ರೇಲರಿನೊಳಗಿನ ಅವಳ ಅಡುಗೆಮನೆ ನೆಬ್ರಾಸ್ಕಕ್ಕೆ ಹೊರಡುತ್ತದೆ, ಇಲ್ಲದಿದ್ದರೆ ಇಲ್ಲೇ ಕಾನ್ಸಾಸಿನಲ್ಲಿ, ಈ ಹೊಲಗಳ ಒಡೆಯ ರೆಗಿಯರ್ ಮುದುಕನ ಅಂಗಳದಲ್ಲಿ ಕೋಳಿಗಳ ಜೊತೆ ಬೀಡು. ಇಪ್ಪತ್ತೆರಡು ಬೇಸಿಗೆ, ಟೆಕ್ಸಸಿನಿಂದ ಡಕೋಟದವರೆಗೆ, ಗೋಧಿ ಹಣ್ಣಾಗುತ್ತಾ ಹೋದಂತೆ ಅದರ ಹಿಂದೆಯೇ ಕೂಲಿಗೆ ಕೊಯ್ಯುವ ಇವರ ಯಂತ್ರಗಳು, ಯಂತ್ರಗಳ ಹಿಂದೆ ಅವಳು, ಸಂಜೆ ಏಳಕ್ಕೆ ಒಂಬತ್ತು ಜನರ ಊಟ ಹೊಲದ ಅಂಚಿಗೇ ಹೋಗಬೇಕು, ಹಂದಿತೊಡೆಯ ಹುರಿದ ಮಾಂಸ, ಆಲೂಗಡ್ಡೆ, ಅಮ್ಮ ಮಾಡುತ್ತಿದ್ದ ಎರಡು ಉಂಡೆಯ ಬನ್ನು, ರೂಬಾರ್ಬ್ ಎಂಬ ಹುಳಿದಂಟಿನ ಪೈ, ಇಡೀ ದಿನದಲ್ಲಿ ಆ ಇಪ್ಪತ್ತು ನಿಮಿಷ ಮಾತ್ರ ಎಂಜಿನ್ನುಗಳು ಬಾಯಿ ಮುಚ್ಚುತ್ತವೆ, ಗಂಡಸರು ಬಾಯಿ ತೆರೆಯುತ್ತಾರೆ, ತಿನ್ನಲು. ಹಳೆಯ ಪಿಕಪ್ಪು ಹೋದ ವಾರ ಗೇರುಪೆಟ್ಟಿಗೆ ಪುಡಿಮಾಡಿಕೊಂಡು ಸತ್ತಿತು, ವೆಂಡೆಲ್ ಹರಾಜಿಗೆ ಹೋಗಿ ಈ ಕೆಂಪು ಗಾಡಿ ತಂದ, ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು, ಕೇಳಲಿಲ್ಲ, ಮುಂದೆ ನಾಲ್ಕು ಬಾಗಿಲು, ಹಿಂದೆ ಮೊಳದುದ್ದ ತೊಟ್ಟಿ, ಬಾಲ ಕತ್ತರಿಸಿದ ನಾಯಿ, ಅಷ್ಟು ಗಿಡ್ಡ ತೊಟ್ಟಿಯಲ್ಲಿ ಟ್ರೇಲರು ಕೂತರೆ ತಿರುವಿನಲ್ಲಿ ಅದರ ಮೂಲೆ ನೇರ ಹಿಂದಿನ ಗಾಜಿಗೆ, ಡ್ರೈವರಿನ ತಲೆಯ ಹಿಂದಿನ ಗಾಜಿಗೆ, ಅವಳ ತಲೆಯ ಹಿಂದಿನ ಗಾಜಿಗೆ. ಹೋಗ್ಲಿ ಬಿಡಕ್ಕ ಟ್ರೇಲರ್ ಇಲ್ಲೇ ಇರ್ಲಿ, ದಾರಿ ಉದ್ದಕ್ಕೂ ಪೆಟ್ರೋಲ್ ಬಂಕಿದೆ, ಸ್ಯಾಂಡ್‌ವಿಚ್ ಸಿಗತ್ತೆ, ನೀನು ಕಾರ್ಲಾ ಜೊತೆ ಕಾರಲ್ಲಿ ಕೂತ್ಕೊಂಡು ಬಾ, ಆರಾಮಾಗಿ, ಇಷ್ಟು ವರ್ಷ ದುಡಿದಿದ್ದೀಯ — ಆರಾಮಾಗಿ, ಆ ಮಾತನ್ನು ಮೂರು ದಿನದಿಂದ ಅಗಿಯುತ್ತಿದ್ದಾಳೆ, ಇನ್ನೂ ನುಣ್ಣಗಾಗಿಲ್ಲ, ತಮ್ಮನ ಹೆಂಡತಿ ಒಳ್ಳೆಯವಳು, ಕಾರಿನಲ್ಲಿ ಪುದೀನ ಪೆಪ್ಪರಮಿಂಟು ಇಟ್ಟಿರುತ್ತಾಳೆ, ನೆಬ್ರಾಸ್ಕದವರೆಗೂ ಪೆಪ್ಪರಮಿಂಟು ಚೀಪುತ್ತಾ ಹೋಗಬಹುದು, ಅಲ್ಲಿ ಇಳಿದು ಏನು ಮಾಡುವುದು, ಒಲೆಯಿಲ್ಲದ ಅಡುಗೆಯವಳು ಎಂದರೆ ಇನ್ನೊಂದು ಸೂಟ್‌ಕೇಸು, ಈ ಬೇಸಿಗೆ ನೆಬ್ರಾಸ್ಕದಲ್ಲಿ ಇಳಿಸುತ್ತಾರೆ, ಮುಂದಿನ ಬೇಸಿಗೆ ಮನೆಯಿಂದಲೇ ಹತ್ತಿಸುವುದಿಲ್ಲ.

ಜಾರೋ ಕೊಂಡಿ ಬೇಕು ನಿಂಗೆ, ನನ್ನ ಕೊಟ್ಟಿಗೇಲಿ ಒಂದಿದೆ, ಕೋಳಿಗಳನ್ನ ಕೇಳ್ಬೇಕು ಅಷ್ಟೆ ಅಂದಿದ್ದ ರೆಗಿಯರ್, ಕೋಳಿಗಳು ಕೇಳಿದ್ದಕ್ಕೆ ಕುಕ್ಕಿದವು, ಅವುಗಳ ಇಪ್ಪತ್ತು ವರ್ಷದ ಕೊಡುಗೆಯನ್ನು ಕೆರೆದು, ಒಲೆ ತೊಳೆಯುವ ನೊರೆ ಸುರಿದು ಮೂರು ತಾಸು ಬಿಟ್ಟ ಮೇಲೆ ತಟ್ಟೆ ಮೇಜಿನ ಖಾನೆಯ ಹಾಗೆ ಸರಿಯಿತು, ಸನ್ನೆಗೋಲು ಎಳೆದರೆ ಒಂದು ಗೇಣು ಹಿಂದಕ್ಕೆ ಜಾರುತ್ತದೆ, ರಸ್ತೆಯಲ್ಲಿ ಅಚ್ಚಿನ ಮೇಲೆ, ತಿರುವಿನಲ್ಲಿ ಒಂದು ಗೇಣು ಹಿಂದೆ, ಆ ಒಂದು ಗೇಣು ಸಾಕು, ಸಾಕಾಗಬೇಕು. ಮಾಮೂಲಿ ಕೊಂಡೀನೇ ಒಂದು ಗೇಣು ಹಿಂದೆ ಕೂರಿಸಿಬಿಡೋಣ ಟಾನಿ, ಯಾಕಿಷ್ಟು ರಗಳೆ ಅಂದಿದ್ದ ಹೆನ್ನಿ, ಆಗ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರ ನೆಲ ಹಿಡಿಯಲ್ಲ ಕಣೋ, ನಾನು ಸ್ಟೀರಿಂಗ್ ತಿರುಗಿಸ್ತೀನಿ, ಗಾಡಿ ತನಗೆ ಬೇಕಾದ ಕಡೆ ಹೋಗತ್ತೆ, ನಿನ್ನ ಯಜಮಾನನ ಹಾಗೆ. ಮೇಲೆ ವೆಂಡೆಲ್ ಹೇಳುತ್ತಿದ್ದಾನೆ, ಏನ್ ಹೆನ್ನಿ, ನಿಮ್ಮೂರಲ್ಲಿ ಅಳತೆ ಟೇಪು ಮಾರಲ್ವಾ, ನಾಲ್ಕು ತೂತು ಹಾಕೋಕೆ ಬರಲ್ವಾ, ಹೆನ್ನಿ ಉತ್ತರ ಕೊಡುತ್ತಿಲ್ಲ, ಕೊಡಬಹುದು, ಕೊಡುತ್ತಿಲ್ಲ, ಬೆಳಿಗ್ಗೆ ಅವನು ಬರುವ ಮುಂಚೆಯೇ ತೊಟ್ಟಿಯ ಪ್ಲಾಸ್ಟಿಕ್ ಹಾಸಿನ ಮೇಲೆ ಕೊಂಡಿ ಇಟ್ಟು ಗುರುತು ಹಾಕಿ ಮೊದಲ ತೂತು ಕೊರೆದವಳು ಯಾರು, ಪ್ಲಾಸ್ಟಿಕ್ ಮೇಲೆ ಬಿಗಿದ್ರೆ ನಾಳೆಗೇ ಸಡಿಲ ಆಗತ್ತೆ ಟಾನಿ ಅಂತ ಅವನು ಬಂದು ಹಾಸು ಕಿತ್ತ, ಕಿತ್ತ ಮೇಲೆ ಕೊಂಡಿ ತಗಡಿನ ಪಟ್ಟಿಗಳ ನಡುವಿನ ಗುಳಿಯಲ್ಲಿ ಇಳಿದು ಅರ್ಧ ಬೆರಳು ಪಕ್ಕಕ್ಕೆ ಸರಿದು ಕೂತಿತು, ಆಮೇಲೆ ಅವನು ಹಾಕಿದ ಮೂರೂ ಸರಿ, ತಪ್ಪಿದ್ದು ಅವಳದೊಂದೇ, ಸುಮ್ಮನಿದ್ದರೆ ಸುಮ್ಮನೇ ಹೋಗುತ್ತದೆ, ವೆಂಡೆಲ್, ಅಂದಳು, ಆ ತೂತು ಕೊರೆದವಳು ನಾನು. ಬೂಟುಗಳು ಅವಳ ಕಡೆಗೆ ತಿರುಗಿದವು. ಮತ್ತೆ ಈಗ. ಈಗ ಏನು, ಡ್ರಿಲ್ಲು ತರುವ ಹಾಗಿಲ್ಲ, ತೂತಿನಿಂದ ಹೆಬ್ಬೆರಳಗಲ ಆಚೆಗೆ ಡೀಸೆಲ್ ಟ್ಯಾಂಕು, ಡ್ರಿಲ್ಲು ಜಾರಿದರೆ ನೆಬ್ರಾಸ್ಕವೂ ಇಲ್ಲ ಟ್ರೇಲರೂ ಇಲ್ಲ, ದುಂಡಗಿನ ಅರ ಕೊಡೋ ಹೆನ್ನಿ, ಕೈಯಲ್ಲೇ ಉಜ್ಜುತ್ತೀನಿ. ಉಜ್ಜುತ್ತಾಳೆ, ಕಬ್ಬಿಣದ ಪುಡಿ ಹುಬ್ಬಿಗೆ, ತುಟಿಗೆ, ಉಪ್ಪೂ ಅಲ್ಲದ ಹುಳಿಯೂ ಅಲ್ಲದ ರುಚಿ, ಮಳೆಗೆ ಕೆಲಸವಿಲ್ಲದೆ ಕೂತ ಗಂಡಸರು ಅವಳದೇ ಕಾಫಿ ಬಗ್ಗಿಸಿಕೊಂಡು ಕುರ್ಚಿ ಎಳೆದುಕೊಂಡು ಬಂದಿದ್ದಾರೆ, ಆಗಲ್ಲ ಅಂತಾನೆ ಒಬ್ಬ, ಆಗತ್ತೆ ಆದ್ರೆ ಮೂರಕ್ಕಲ್ಲ ಅಂತಾನೆ ಇನ್ನೊಬ್ಬ, ಒಳ್ಳೆ ಕಾಫಿ ಅಂತಾನೆ ಮತ್ತೊಬ್ಬ, ಇಪ್ಪತ್ತು ಸಲ ಉಜ್ಜು, ಬೆರಳಿಟ್ಟು ನೋಡು, ಇಪ್ಪತ್ತು ಸಲ ಉಜ್ಜು, ಹಿಟ್ಟು ನಾದುವವಳ ಮಣಿಕಟ್ಟು ಇದು, ಒಂಬತ್ತು ಜನರ ಹಿಟ್ಟು, ಇಪ್ಪತ್ತೆರಡು ಬೇಸಿಗೆಯ ಹಿಟ್ಟು, ಕಬ್ಬಿಣವೂ ಒಂದು ಹಿಟ್ಟು, ಸ್ವಲ್ಪ ಮೊಂಡು, ಬೆಳಕು ಅರ್ಧವಿದ್ದದ್ದು ಮುಕ್ಕಾಲಾಯಿತು, ಮುಕ್ಕಾಲು ಇನ್ನೂ ಮುಕ್ಕಾಲಾಗಿಯೇ ಉಳಿಯಿತು, ಭುಜ ಸೋತಿತು, ಕೈ ಬದಲಾಯಿಸಿದಳು, ಈಗ ನೂಕು, ನೂಕಿದೆ, ಇನ್ನೊಂದು ಚೂರು, ಆಮೇಲೆ ಹೆಣೆದ ಕಂಬಳಿಯಿಂದ ಸೂಜಿ ಹೊರಬಂದ ಹಾಗೆ ಬೋಲ್ಟಿನ ತುದಿ ಅವಳ ಬೆರಳಿಗೆ ತಾಗಿತು, ತಣ್ಣಗೆ.

ಎರಡೂಮುಕ್ಕಾಲು. ಸ್ಟೀರಿಂಗಿಗೆ ಕೂತು ಪಿಕಪ್ಪನ್ನು ಟ್ರೇಲರಿನ ಮೂಗಿನಡಿಗೆ ಹಿಂದಕ್ಕೆ ತಂದಳು, ಗೂಟ ದವಡೆಗೆ ಹೊಕ್ಕ ಸದ್ದು ಬೆನ್ನುಮೂಳೆಗೆ ಕೇಳಿಸಿತು, ಟ್ರೇಲರಿನ ಬ್ರೇಕು ಹಿಡಿಸಿ ಒಂದು ಸಲ ಮುಂದಕ್ಕೆ ಜಗ್ಗಿದಳು, ಬಿಡಲಿಲ್ಲ, ಹೆನ್ನಿ ಸನ್ನೆಗೋಲು ಎಳೆದ, ಮತ್ತೆ ಜಗ್ಗಿದಳು, ತಟ್ಟೆ ಜಾರಿ ಒಂದು ಗೇಣು ಹಿಂದೆ ಹೋಗಿ ಕಟಕ್ಕನೆ ಕೂತಿತು, ಈಗ ಎಡಕ್ಕೆ, ಪೂರ್ತಿ ಎಡಕ್ಕೆ, ಸ್ಟೀರಿಂಗು ಇನ್ನು ತಿರುಗಲಾರೆ ಅನ್ನುವವರೆಗೆ ಎಡಕ್ಕೆ, ಕಾಫಿಯ ಗಂಡಸರು ಕುರ್ಚಿ ಬಿಟ್ಟು ಎದ್ದರು, ಗಾಡಿ ಇರುವೆಯ ಹಾಗೆ ಹರಿಯುತ್ತಿದೆ, ಒಳಗನ್ನಡಿಯಲ್ಲಿ ಟ್ರೇಲರಿನ ಬಿಳಿ ಮೂಲೆ ಬರುತ್ತಿದೆ, ಮೊಳವಿದ್ದದ್ದು ಗೇಣಾಯಿತು, ನಿಲ್ಲು ಅಂತ ಯಾರೋ, ನಿಲ್ಲಿಸಿದರೆ ಮುಗಿಯಿತು, ನಿಂತವಳನ್ನು ಮತ್ತೆ ಹೊರಡಲು ಬಿಡುವುದಿಲ್ಲ, ಕಾಲು ಬ್ರೇಕಿನ ಮೇಲೆ ತೂಗುತ್ತಿದೆ, ಒತ್ತಲಿಲ್ಲ, ಪಕ್ಕದ ಮೆಟ್ಟಿಲ ಮೇಲೆ ಯಾರೋ ಹತ್ತಿದ ಭಾರ, ಗಾಡಿ ಒಂದಿಷ್ಟು ವಾಲಿತು, ವೆಂಡೆಲ್, ಏನ್ ಮಾಡ್ತಿದ್ದೀಯ ಇಳಿ, ನೀನು ತಿರುಗಿಸು, ಇಳಿಯೋ ಮಾರಾಯ, ಒಳಗಿಂದ ನಿಂಗೆ ಎಷ್ಟಿದೆ ಅಂತ ಗೊತ್ತಾಗಲ್ಲ ಅಕ್ಕ, ನೀನು ತಿರುಗಿಸು, ಮತ್ತೆ ಕನ್ನಡಿಯಲ್ಲಿ ಮೂಲೆ ಕಾಣುವ ಕಡೆ ಅವನ ಕೈ, ಗಾಜಿಗೂ ಆ ಬಿಳಿ ಮೂಲೆಗೂ ನಡುವೆ, ಅಡ್ಡವಾಗಿ, ಹೆಬ್ಬೆರಳು ಗಾಜಿಗೆ ತಾಗಿಸಿ, ತೆಗಿ ಕೈ, ತಿರುಗಿಸು, ಗಾಡಿ ಹರಿಯುತ್ತಿದೆ, ಮೂಲೆ ಬರುತ್ತಿದೆ, ಅವನು ಕೈ ತೆಗೆಯಲಿಲ್ಲ, ಅವಳು ಕಾಲು ಒತ್ತಲಿಲ್ಲ, ಮೂಲೆ ಬಂದು, ಇನ್ನು ಬರಲು ತಿರುವೇ ಇಲ್ಲದೆ, ಅವನ ಕಿರುಬೆರಳಿಗೆ ತಾಗಿ, ಅಲ್ಲೇ ನಿಂತು, ಗಾಡಿಯ ಜೊತೆಗೇ ಸುಮ್ಮನೆ ಸುತ್ತತೊಡಗಿತು, ಕನ್ನಡಿಯಲ್ಲಿ ಆ ಕೈ, ಹೆಬ್ಬೆರಳಲ್ಲಿ ಗಾಜು, ಕಿರುಬೆರಳಲ್ಲಿ ಟ್ರೇಲರು, ನಡುವೆ ಬಿಡಿಸಿಟ್ಟ ಅಂಗೈ, ಕಪ್ಪು ಗ್ರೀಸಿನ ಗೆರೆಗಳ ಅಂಗೈ, ಗಾಡಿ ಇಡೀ ಅಂಗಳ ಸುತ್ತುತ್ತಿದೆ, ಆ ಅಂಗೈ ಮಾತ್ರ ಅಲ್ಲೇ, ಅಂಗೈ, ಅಲ್ಲೇ