ಒಳ್ಳೆ ಮಣ್ಣು

"ಮೂಸು ಅಂದ್ರೆ ಮೂಸ್ಬೇಕು. ಅಂಗಡೀಲಿ ಕೂತು ಸೆಂಟು ಆರಿಸ್ತಿದೀಯಾ, ಮುಂಡೆ? ಹಿಂದೆ ಮೂರು ಟ್ರ್ಯಾಕ್ಟರ್ ನಿಂತಿವೆ."

ಮೇಸ್ತ್ರಿ ಹೀಗೆ ಬೈಯುವಾಗ ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣನ್ನು ಮೂಗಿಗೆ ಹಿಡಿದಿದ್ದಳು. ಬಂಕಿನ ನೆಲದಡಿಯ ಪೆಟ್ರೋಲ್ ಟ್ಯಾಂಕು ಎಷ್ಟು ವರ್ಷದಿಂದ ಸೋರುತ್ತಿತ್ತೋ ಯಾರು ಬಲ್ಲರು. ಹಿಂದುಗಡೆ ಕೂಲಿಯವರ ಸಾಲುಮನೆಯಲ್ಲಿ ಬೋರಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಯಾರೋ ಪುಣ್ಯಾತ್ಮ ಬೀಡಿ ಹಚ್ಚಿದ ಕಡ್ಡಿಯನ್ನು ಆ ನೀರಿನ ಬಕೆಟ್ಟಿಗೆ ಎಸೆದು ಮೀಸೆ ಸುಟ್ಟುಕೊಂಡ ಮೇಲೆಯೇ ಸುದ್ದಿ ಮಾಲಿನ್ಯ ಇಲಾಖೆಯ ಕಿವಿಗೆ ಬಿದ್ದದ್ದು. ಬೋರಿಗೆ ಬೀಗ ಬಿತ್ತು. ಟ್ಯಾಂಕು ಕಿತ್ತು, ಪೆಟ್ರೋಲು ಕುಡಿದ ಮಣ್ಣನ್ನೆಲ್ಲ ತೆಗೆಸಿ, ದೂರದ ಕಾರ್ಖಾನೆಗೆ ಸುಡಲು ಕಳಿಸಬೇಕೆಂದು ಆದೇಶ ಬಂತು.

ಯಾವ ಮಣ್ಣು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ನೋಡಲು ಒಂದು ಮೀಟರು ಬಂದಿತ್ತು. ವಾರದಲ್ಲೇ ಅದು ಕೈಕೊಟ್ಟಿತು. ರಿಪೇರಿಗೆ ಯಾರು ಓಡಾಡುತ್ತಾರೆ? ಮಣ್ಣು ಹೊರುತ್ತಿದ್ದ ಅವಳನ್ನೇ ಮೂಸಲು ಕೂರಿಸಿದರು. ಮೂರನೇ ಮನೆಯಲ್ಲಿ ಹಾಲು ಒಡೆದರೆ ತನ್ನ ಹೊಸಿಲಲ್ಲಿ ಕೂತೇ ಹೇಳುತ್ತಿದ್ದವಳು ಅವಳು. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಮೂಸಕ್ಕ. ಮೂಸಕ್ಕ "ಕೆಟ್ಟದ್ದು" ಅಂದರೆ ಮಣ್ಣು ಕಾರ್ಖಾನೆಗೆ, "ಒಳ್ಳೇದು" ಅಂದರೆ ಪಕ್ಕದ ಗುಡ್ಡೆಗೆ. ತಲೆಯ ಮೇಲೆ ಹೊರುವುದಕ್ಕಿಂತ ಕೂತು ಮೂಸುವುದು ವಾಸಿಯಲ್ಲವೇ? ಒಂಚೂರು ಜಂಬವೂ ಬಂದಿತ್ತು ಅವಳಿಗೆ, ಸುಳ್ಳೇಕೆ ಹೇಳಬೇಕು.

ಎರಡು ತಿಂಗಳಾದ ಮೇಲೆ ಒಂದು ದಿನ ಅವಳೇ ಹೋಗಿ ಮೇಸ್ತ್ರಿಗೆ ಹೇಳಿದ್ದಳು.

"ಅಣ್ಣಾ, ತಲೆ ಸಿಡೀತದೆ. ಮಧ್ಯಾಹ್ನ ಆದ್ಮೇಲೆ ವಾಸನೇನೇ ಸರಿಯಾಗಿ ಬರ್ತಿಲ್ಲ."

"ವಾಸನೆ ಬರ್ಲಿಲ್ಲ ಅಂದ್ರೆ ಮಣ್ಣು ಒಳ್ಳೇದು ಅಂತ ತಾನೇ? ಒಳ್ಳೇದು ಅನ್ನು. ಲಾರಿ ಬಾಡಿಗೆನೂ ಉಳೀತದೆ," ಎಂದು ಅವನು ಹಲ್ಲು ಕಿರಿದಿದ್ದ.

ಆ ಒಳ್ಳೆ ಮಣ್ಣಿನ ಗುಡ್ಡೆ ಬೆಳೆಯಿತು. ಸಾಲುಮನೆಗಳ ನೆಲ ತಗ್ಗು, ಮಳೆ ಬಂದರೆ ನೀರು ಒಳಗೆ. ಬಂಕಿನ ಮಾಲೀಕ ದೊಡ್ಡ ಮನಸ್ಸು ಮಾಡಿ ಮಣ್ಣನ್ನು ಪುಕ್ಕಟೆ ಕೊಟ್ಟ, ಕೊಡುತ್ತಾ ಫೋಟೊ ತೆಗೆಸಿಕೊಂಡ. ಮೊದಲ ಬುಟ್ಟಿ ಮೂಸಕ್ಕನದೇ. ಮನೆಗೆ ಮೊಮ್ಮಗ ಹುಟ್ಟಿದ್ದ. ಹಸಿ ನೆಲದಲ್ಲಿ ಮಲಗಿಸಬಾರದೆಂದು ಮೊಳದೆತ್ತರ ಮಣ್ಣು ತುಂಬಿ, ಬಡಿದು ಗಟ್ಟಿ ಮಾಡಿ, ಮೇಲೆ ಹೊಸ ಚಾಪೆ ಹಾಸಿದಳು.

ಚಾಪೆ ಹಾಸಿದ ಹನ್ನೊಂದನೇ ದಿನ ಸೊಸೆಯ ತಾಯಿ ಬಂದಳು. ಒಳಗೆ ಕಾಲಿಟ್ಟವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಬೀಗರೇ, ಸೀಮೆಎಣ್ಣೆ ಏನಾದ್ರೂ ಚೆಲ್ಲಿದೆಯಾ? ಕಣ್ಣು ಉರೀತದೆ."

ಬಂದ ಕಡೆಯೆಲ್ಲ ಕೊಂಕು ತೆಗೆಯುವುದು ಈ ಬೀಗಿತ್ತಿಯ ಚಾಳಿ. ಮೂಸಕ್ಕನೂ ಬಿಡಲಿಲ್ಲ.

"ಬಡವರ ಮನೆ ಬೀಗರೇ. ಘಮಘಮ ಎಲ್ಲಿಂದ ತರೋಣ?"

ಬೀಗಿತ್ತಿ ಜಗಳಕ್ಕೆ ಬರಲಿಲ್ಲ. ಚಾಪೆಯ ಮೂಲೆ ಎತ್ತಿ, ಉಗುರಿನಿಂದ ನೆಲ ಕೆರೆದು ಮೂಗಿಗೆ ಹಿಡಿದಳು. ಓಕರಿಕೆ ಬಂತು.

"ಇದು ನೆಲ ಅಲ್ಲ, ಪೆಟ್ರೋಲು. ಇದರ ಮೇಲೆ ಹಸುಗೂಸನ್ನ ಮಲಗಿಸಿದ್ದೀರಲ್ಲ."

ಮಗು ಮೂರು ದಿನದಿಂದ ಹಾಲು ಕುಡಿದದ್ದೆಲ್ಲ ಕಕ್ಕುತ್ತಿತ್ತು. ಎತ್ತಿಕೊಂಡರೆ ಕತ್ತು ಜೋತುಬೀಳುತ್ತಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಸೊಸೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾಯಿಯ ಜೊತೆ ಆಸ್ಪತ್ರೆಗೆ ಹೊರಟಳು. ಹೊಸಿಲು ದಾಟುವಾಗ ತಿರುಗಿ ಕೇಳಿದಳು.

"ಅತ್ತೆ, ನೀವು ಮೂಸಿ ತಾನೇ ತಂದಿದ್ದು?"

ಮೂಸಕ್ಕ ಬಂಕಿಗೆ ಓಡಿದಳು. ಪಂಪಿನವನು ಕೈ ಒರೆಸಿಕೊಳ್ಳುವ ಪೆಟ್ರೋಲಿನ ಬಟ್ಟೆಯನ್ನು ಕಿತ್ತುಕೊಂಡು ಮೂಗಿಗೆ ಒತ್ತಿ ಉಸಿರೆಳೆದಳು. ತಣ್ಣಗಾಯಿತು, ಅಷ್ಟೇ. ಇನ್ನೊಮ್ಮೆ ಎಳೆದಳು. ಏನೂ ಇಲ್ಲ. ಎಷ್ಟು ದಿನದಿಂದ ಹೀಗೆ? ಎಷ್ಟು ಬುಟ್ಟಿಗೆ ಒಳ್ಳೇದು ಅಂದೆ? ಎಷ್ಟು ಮನೆಗೆ? ಬೆಳಗಿಂದ ಸಂಜೆವರೆಗೂ ಅದರಲ್ಲೇ ಕೂತ ಮೂಗು ಸತ್ತೇಹೋಗಿತ್ತು, ಮಧ್ಯಾಹ್ನಕ್ಕಷ್ಟೇ ಮಂಕಾಗುತ್ತದೆ ಅಂದುಕೊಂಡಿದ್ದವಳಿಗೆ ಗೊತ್ತೇ ಆಗಿರಲಿಲ್ಲ. ಸಾಲಿನವರೆಲ್ಲ ಅದೇ ಗಾಳಿ ಕುಡಿದು ಬದುಕಿದವರು, ಅವರಿಗೂ ಗೊತ್ತಾಗಿರಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಮೇಸ್ತ್ರಿ ಅವಳನ್ನು ಗೋಡೆಯ ಹಿಂದಕ್ಕೆ ಎಳೆದ.

"ಬಾಯಿ ಮುಚ್ಕೊಂಡಿರು. ಒಳಗೆ ಇಲಾಖೆ ಸಾಹೇಬ್ರು ಕೂತಿದ್ದಾರೆ, ಎಲ್ಲಾ ಶುದ್ಧ ಆಯ್ತು ಅಂತ ಸಹಿ ಹಾಕ್ತಾರೆ ಇವತ್ತು. ಒಳ್ಳೇದು ಅಂದೋಳು ಯಾರು? ನೀನು. ಕೇಸಾದ್ರೆ ಜೈಲಿಗೆ ಹೋಗೋಳೂ ನೀನೇ, ಬೋಳಿಮಗಳೇ."

ಅವಳು ಮನೆಗೆ ಬಂದಳು. ಚಾಪೆ ಎಸೆದು, ಮಗು ಮಲಗುತ್ತಿದ್ದ ಜಾಗಕ್ಕೇ ಹಾರೆ ಹಾಕಿದಳು. ಸದ್ದು ಕೇಳಿ ಅಕ್ಕಪಕ್ಕದ ಹೆಂಗಸರು ಬಂದರು. ಹೇಳಲು ಎರಡು ಮಾತು ಸಾಕಾಯಿತು. "ನಿನ್ನ ಮೂಗಿಗೆ ಮಣ್ಣು ಹಾಕ," ಎಂದು ಒಬ್ಬಳು ಶಾಪ ಹಾಕಿದಳು. ಆಮೇಲೆ ಅವಳೂ ತನ್ನ ಮನೆಗೆ ಹೋಗಿ ಹಾರೆ ಎತ್ತಿದಳು.

ಬಂಕಿನ ಆಫೀಸಿನ ಎ.ಸಿ. ಕೋಣೆಯಲ್ಲಿ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಮಾಲೀಕ ಎದುರು ಕೂತು ಹಾಳೆ ತಿರುವಿಕೊಡುತ್ತಿದ್ದ. ಮೂಸಕ್ಕ ಒಳಗೆ ಹೋಗಿ, ಅಗೆದು ತಂದ ಮಣ್ಣಿನ ಬುಟ್ಟಿಯನ್ನು ಜಮಖಾನದ ಮೇಲೆ ಸುರಿದಳು. ಸಾಹೇಬರ ಕರವಸ್ತ್ರ ಮೂಗಿಗೆ ಹೋಯಿತು.

"ಈ ಹೊಲಸನ್ನ ಒಳಗೆ ಬಿಟ್ಟೋನು ಯಾರೋ?" ಮಾಲೀಕ ಎದ್ದ.

"ಒಳ್ಳೆ ಮಣ್ಣು ಸಾರ್. ನೀವೇ ಕೊಟ್ಟಿದ್ದು."

ಹಿಂದಿನಿಂದ ಬಂದ ಹೆಂಗಸರದ್ದು ಇನ್ನೊಂದು ಬುಟ್ಟಿ, ಮತ್ತೊಂದು. ಎಂಟು ಬುಟ್ಟಿ ಬಿದ್ದವು. ಮೇಜಿನ ಕಾಲು ಹೂತುಹೋಯಿತು. ಕೊನೆಗೆ ಹೊರಬಂದ ಮೂಸಕ್ಕ ಬಾಗಿಲೆಳೆದು ಚಿಲಕ ಹಾಕಿ, ಬೆನ್ನು ಕೊಟ್ಟು ಮೆಟ್ಟಿಲಲ್ಲಿ ಕೂತಳು. ಓಡಿಬಂದ ಮೇಸ್ತ್ರಿ, ಹಾರೆ ಹಿಡಿದು ನಿಂತ ಹೆಂಗಸರನ್ನು ಕಂಡು ದೂರದಲ್ಲೇ ನಿಂತ.

"ಚಿಲಕ ತೆಗಿಯೇ. ಪೊಲೀಸಿಗೆ ಫೋನ್ ಮಾಡ್ತಿದೀನಿ," ಒಳಗಿನಿಂದ ಮಾಲೀಕ.

"ಮಾಡಿ ಸಾರ್. ಬರ್ಲಿ. ಬಂದೋರೂ ಮೂಸ್ಲಿ."

ಸ್ವಲ್ಪ ಹೊತ್ತಿಗೆ ಸಾಹೇಬರ ದನಿ ಕೇಳಿತು. "ಅಮ್ಮಾ, ಕಿಟಕಿಯೂ ತೆರೆಯೋಲ್ಲ ಇಲ್ಲಿ. ತಲೆ ಸುತ್ತುತ್ತಿದೆ. ತೆಗೀರಮ್ಮಾ."

"ನನ್ನ ಮೊಮ್ಮಗ ಹನ್ನೊಂದು ದಿನ ಮಲಗಿದಾನೆ ಇದರ ಮೇಲೆ. ಆಸ್ಪತ್ರೆಯಿಂದ ಸುದ್ದಿ ಬರೋವರೆಗೂ ಕೂತಿರಿ."

ಬಾಗಿಲ ಮೇಲೆ ಮುಷ್ಟಿಗಳು ಬಿದ್ದವು. ಇಬ್ಬರೂ ಒಟ್ಟಿಗೆ ಕೂಗಲು ಶುರುಮಾಡಿದರು. ಅವಳು ಕಣ್ಣನ್ನು ಆಸ್ಪತ್ರೆಯ ರಸ್ತೆಯಿಂದ ತೆಗೆಯಲಿಲ್ಲ.

"ಕೂಗ್ಬೇಡಿ ಸಾರ್," ಅಂದಳು. "ಕೂಗಿದಷ್ಟೂ ಉಸಿರು ಜಾಸ್ತಿ ಎಳ್ಕೋಬೇಕಾಗ್ತದೆ."