ಬ್ರೆಡ್ಡಮ್ಮನ ನೋವಿಗೂ ಮದ್ದಿತ್ತು

"ನೋವಿದೆಯಾ ಅಮ್ಮ?"

"ಅಷ್ಟೇನಿಲ್ಲ ಕಣೆ."

ಆ ಮನೆಯಲ್ಲಿ ಈ ಪ್ರಶ್ನೆ, ಈ ಉತ್ತರ ದಿನಕ್ಕೆ ಹತ್ತು ಸಲ ನಡೆಯುತ್ತಿತ್ತು. ಕೇಳುತ್ತಿದ್ದವಳು ಹಿರಿಮಗಳು. ಉತ್ತರ ಕೊಡುತ್ತಿದ್ದವಳು ಅವಳ ತಾಯಿ. ಬೀದಿಯ ತಿರುವಿನಲ್ಲಿ ಬೇಕರಿ ಇಟ್ಟು, ಕೈಯಾರೆ ಹಿಟ್ಟು ನಾದಿ, ಇಬ್ಬರು ಮಕ್ಕಳನ್ನು ದಡ ಸೇರಿಸಿದವಳು. ಅವಳ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು. ಬೀದಿಯವರಿಗೆಲ್ಲ ಅವಳು ಬ್ರೆಡ್ಡಮ್ಮ.

ಕೆಲವು ವರ್ಷಗಳ ಹಿಂದೆ ಬ್ರೆಡ್ಡಮ್ಮನಿಗೆ ಎದೆಯಲ್ಲಿ ಕ್ಯಾನ್ಸರ್ ಗಂಟು ಕಂಡು ಆಪರೇಷನ್ ಆಗಿತ್ತು. ಎಲ್ಲ ಮುಗಿಯಿತು ಎಂದು ಮನೆಯವರು ನೆಮ್ಮದಿಯ ಉಸಿರು ಬಿಟ್ಟಿದ್ದರು. ಈಗ ಬೆನ್ನುನೋವು ಶುರುವಾಗಿತ್ತು. ಹಿಟ್ಟಿನ ಮೂಟೆ ಎತ್ತಿದ್ದಕ್ಕೆ ಎಂದುಕೊಂಡರು. ಎಣ್ಣೆ ತಿಕ್ಕಿದರು, ಬಿಸಿನೀರಿನ ಚೀಲ ಇಟ್ಟರು. ಸ್ಕ್ಯಾನ್ ಮಾಡಿಸಿದಾಗ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿರುವುದು ಕಂಡಿತು.

ಡಾಕ್ಟರು ಹಿರಿಮಗಳನ್ನೂ ಅವಳ ತಮ್ಮನನ್ನೂ ಕೂರಿಸಿಕೊಂಡು ಹೇಳಿದರು. "ಇದನ್ನ ಬುಡಸಮೇತ ಕಿತ್ತು ಹಾಕೋಕೆ ಆಗಲ್ಲ. ಆದ್ರೆ ಹತೋಟೀಲಿ ಇಡಬಹುದು. ಚಿಕಿತ್ಸೆ ಶುರು ಮಾಡೋಣ. ಅಮ್ಮನಿಗೂ ವಿಷಯ ತಿಳಿಸೋಣ."

"ಬೇಡ ಡಾಕ್ಟ್ರೇ!" ಹಿರಿಮಗಳು ಕೈಮುಗಿದಳು. "ಕೇಳಿದ್ರೆ ಎದೆ ಒಡ್ಕೊಂಡು ಬಿಡ್ತಾಳೆ. ಸ್ವಲ್ಪ ಉಳಿದಿದೆ, ಔಷಧಿ ತಗೊಂಡ್ರೆ ವಾಸಿ ಆಗುತ್ತೆ ಅಂತ ಹೇಳ್ತೀವಿ."

ಅಂದಿನಿಂದ ಮನೆಯಲ್ಲಿ ನಾಟಕ ಶುರುವಾಯಿತು. ಮನೆಗಳಿಗೆ ಬಣ್ಣ ಬಳಿಯುವ ಕೆಲಸದ ಅಪ್ಪ ಹೆಂಡತಿಯ ಮುಖ ನೋಡಲಾರದೆ ಬೇಗ ಎದ್ದು ಹೋಗಿ ತಡವಾಗಿ ಬರುತ್ತಿದ್ದರು. ಬೇಕರಿಯ ವ್ಯಾನ್ ಓಡಿಸುವ ತಮ್ಮ ಬೇಡದ ಜೋಕುಗಳನ್ನು ಹೇಳಿ ಒಬ್ಬನೇ ನಗುತ್ತಿದ್ದ. ಹಿರಿಮಗಳು ಬೇಕರಿ, ಮನೆ, ಆಸ್ಪತ್ರೆ ಎಲ್ಲವನ್ನೂ ಒಬ್ಬಳೇ ಹೆಗಲಿಗೆ ಹಾಕಿಕೊಂಡು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದಳು. ಯಾರಾದರೂ ಸಹಾಯಕ್ಕೆ ಬರುತ್ತೇನೆಂದರೆ, "ಬೇಡ, ನಾನಿದ್ದೀನಲ್ಲ" ಎನ್ನುತ್ತಿದ್ದಳು.

ಬ್ರೆಡ್ಡಮ್ಮನಿಗೆ ಕೀಮೋ ಚಿಕಿತ್ಸೆಯ ಔಷಧಿಯಿಂದ ಬಾಯಿರುಚಿ ಕೆಟ್ಟಿತು. ತನ್ನದೇ ಒಲೆಯ ಬ್ರೆಡ್ಡಿನ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. ಮಲಗಿದರೆ ಬೆನ್ನು ಸೀಳಿದಂತಾಗುತ್ತಿತ್ತು. ಹಾಗಾಗಿ ಕುರ್ಚಿಯಲ್ಲೇ ಕುಳಿತು, ಮೇಜಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆ ಒರಗಿಸಿ ನಿದ್ದೆ ಮಾಡುತ್ತಿದ್ದಳು. ಕೇಳಿದರೆ, "ಹೀಗೆ ಕೂತ್ರೆ ಗಾಳಿ ಚೆನ್ನಾಗಿ ಬರುತ್ತೆ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲೂ ಅವಳು ನೋವಿನ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಕುರ್ಚಿಯಿಂದ ಏಳುವಾಗ ಅವಳ ಮುಖ ಕಿವುಚಿಕೊಂಡಿದ್ದನ್ನು ಡಾಕ್ಟರು ನೋಡಿದರು. ನೋವು ಇಳಿಸಲು ಒಂದು ಸೀಸೆ ಮಾರ್ಫಿನ್ ಬರೆದುಕೊಟ್ಟರು. "ನೋವು ಶಮನದ ವಿಭಾಗದಿಂದ ನರ್ಸ್ ಮನೆಗೆ ಬರ್ತಾರೆ" ಎಂದೂ ಹೇಳಿದರು.

ಮಾರ್ಫಿನ್ ಎಂಬ ಹೆಸರು ಕೇಳಿ ಹಿರಿಮಗಳ ಎದೆ ಧಸಕ್ಕೆಂದಿತು. ಮನೆಗೆ ಬಂದವಳೇ ಸೀಸೆಯನ್ನು ಕಪಾಟಿನ ಮೇಲಿನ ಖಾನೆಯಲ್ಲಿ, ಹಳೆಯ ಕೇಕ್ ಅಚ್ಚುಗಳ ಹಿಂದೆ ಬಚ್ಚಿಟ್ಟಳು. "ಇದು ಕೊನೆಗಾಲದ ಔಷಧಿ ಕಣೋ. ಇದನ್ನ ಕೊಟ್ರೆ ನಾವು ಕೈಚೆಲ್ಲಿದ ಹಾಗೆ" ಎಂದು ತಮ್ಮನಿಗೆ ಪಿಸುಗುಟ್ಟಿದಳು.

ನರ್ಸ್ ಮೊದಲ ಸಲ ಬಂದಾಗ ಹಿರಿಮಗಳು ಅವರನ್ನು ಅಂಗಡಿಯ ಬಾಗಿಲಲ್ಲೇ ಮಾತನಾಡಿಸಿ, ಒಂದು ಪೊಟ್ಟಣ ರಸ್ಕ್ ಕೊಟ್ಟು ಸಾಗಹಾಕಿದಳು. ನರ್ಸ್ ರಸ್ಕ್ ತೆಗೆದುಕೊಂಡು ನಕ್ಕರು. "ಮತ್ತೆ ಬರ್ತೀನಿ. ಯಾವಾಗ ಬೇಕಾದ್ರೂ ಫೋನ್ ಮಾಡಿ."

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಹಿರಿಮಗಳು ಸಕ್ಕರೆ ತರಲು ಹಿಂದಿನ ಉಗ್ರಾಣಕ್ಕೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಹಿಟ್ಟಿನ ಮೂಟೆಗಳ ನಡುವೆ ಅಮ್ಮ ಮಂಡಿಯೂರಿ ಕುಳಿತಿದ್ದಳು. ಹಿಟ್ಟು ಮುಚ್ಚುವ ಬಟ್ಟೆಯನ್ನು ಮಡಿಸಿ ಬಾಯಿಗೆ ತುರುಕಿಕೊಂಡು ಅವಡುಗಚ್ಚಿದ್ದಳು. ಕೂಗು ಹೊರಗೆ ಕೇಳಬಾರದೆಂದು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಹಿರಿಮಗಳ ಕೈಯಿಂದ ಪಾತ್ರೆ ಬಿತ್ತು. "ಅಮ್ಮಾ!"

ಬ್ರೆಡ್ಡಮ್ಮ ಬಟ್ಟೆ ತೆಗೆದು ಮುಖ ಒರೆಸಿಕೊಂಡಳು. "ಏನಿಲ್ಲ, ಏನಿಲ್ಲ. ಹೋಗು ನೀನು. ಅಂಗಡಿ ಖಾಲಿ ಬಿಟ್ಟು ಬರ್ತಾರಾ?"

ಹಿರಿಮಗಳು ಅಂಗಡಿಗೆ ಹೋಗಲಿಲ್ಲ. ಅಲ್ಲೇ ಕುಸಿದು ಅಮ್ಮನನ್ನು ತಬ್ಬಿಕೊಂಡಳು. ಆಮೇಲೆ ನರ್ಸ್‌ಗೆ ಫೋನ್ ಮಾಡಿದಳು.

ನರ್ಸ್ ಬಂದು ಉಗ್ರಾಣದ ನೆಲದ ಮೇಲೆಯೇ ಬ್ರೆಡ್ಡಮ್ಮನ ಪಕ್ಕ ಕುಳಿತರು. ಕೈ ಹಿಡಿದು ಕೇಳಿದರು. "ಅಮ್ಮ, ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡಿಯೋಕೇ ಆಗಲ್ಲ. ನಿಮ್ದು ಎಷ್ಟು?"

ಬ್ರೆಡ್ಡಮ್ಮ ಮಗಳ ಮುಖ ನೋಡಿದಳು.

"ಅವಳನ್ನ ನೋಡ್ಬೇಡಿ. ನನ್ನ ನೋಡಿ ಹೇಳಿ."

"ಒಂಬತ್ತು" ಎಂದಳು ಬ್ರೆಡ್ಡಮ್ಮ. ಮೊದಲ ಬಾರಿಗೆ ಬಿಕ್ಕಳಿಸಿದಳು. "ನೋವು ಅಂದ್ರೆ, ಔಷಧಿ ನಾಟ್ತಿಲ್ಲ ಅಂತ ಚಿಕಿತ್ಸೆ ನಿಲ್ಲಿಸ್ಬಿಡ್ತಾರೆ ಅಂದ್ಕೊಂಡೆ. ಅದಕ್ಕೇ ಹೇಳ್ಲಿಲ್ಲ."

"ಯಾರೂ ನಿಲ್ಲಿಸಲ್ಲ. ಚಿಕಿತ್ಸೆ ಅದರ ಪಾಡಿಗೆ ನಡಿಯುತ್ತೆ. ನೋವಿನ ಆರೈಕೆ ಜೊತೆಜೊತೇಲೇ ನಡಿಯುತ್ತೆ. ನೋವು ಹೇಳಿದ್ರೇ ನಮಗೂ ದಾರಿ ಗೊತ್ತಾಗೋದು."

ಹಿರಿಮಗಳು ಕಪಾಟಿನಿಂದ ಸೀಸೆ ತಂದು ಮುಂದಿಟ್ಟಳು. ಮುಚ್ಚಳ ಕೂಡ ತೆರೆದಿರಲಿಲ್ಲ. "ಇದನ್ನ ಕುಡಿದ್ರೆ ಚಟ ಹತ್ತಲ್ವಾ? ಬೇಗ ಹೋಗ್ಬಿಡಲ್ವಾ?"

"ಡಾಕ್ಟ್ರು ಹೇಳಿದಷ್ಟು, ಹೇಳಿದ ಹೊತ್ತಿಗೆ ಕೊಟ್ರೆ ಜೀವ ತೆಗೆಯಲ್ಲ. ನೋವಿಗೆ ಅಂತ ಹೀಗೆ ಅಳತೆಯಲ್ಲಿ ತಗೊಂಡೋರಿಗೆ ಚಟ ಹತ್ತೋದೂ ತೀರಾ ಅಪರೂಪ. ಮೊದಲೆರಡು ದಿನ ಮಂಪರು ಇರುತ್ತೆ, ಹೊಟ್ಟೆ ತೊಳೆಸಬಹುದು, ಆಮೇಲೆ ಇಳಿಯುತ್ತೆ. ಮಲಬದ್ಧತೆ ಮಾತ್ರ ಬಿಡಲ್ಲ, ಅದಕ್ಕೆ ಬೇರೆ ಮಾತ್ರೆ ಇದೆ, ತಪ್ಪದೆ ಕೊಡಿ. ನೋವು ಜಾಸ್ತಿ ಆದ್ರೆ ನೀವಾಗಿ ಹೆಚ್ಚು ಹಾಕ್ಬೇಡಿ, ನನಗೆ ಹೇಳಿ. ಎಬ್ಬಿಸಿದ್ರೂ ಏಳದಷ್ಟು ಮಂಪರು ಆದ್ರೆ, ಕಾಲು ಜೋಮು ಹಿಡಿದ್ರೆ, ಕೀಮೋ ಆದ್ಮೇಲೆ ಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಸೀದಾ ಆಸ್ಪತ್ರೆಗೆ ಬನ್ನಿ."

ಆ ವಾರವೇ ಬೆನ್ನಿನ ನೋವಿರುವ ಜಾಗಕ್ಕೆ ರೇಡಿಯೇಷನ್ ಕೊಡಿಸುವ ಏರ್ಪಾಡೂ ಆಯಿತು. ಬ್ರೆಡ್ಡಮ್ಮ ಎಷ್ಟೋ ತಿಂಗಳ ಮೇಲೆ ಮಂಚದ ಮೇಲೆ ಕಾಲು ಚಾಚಿ ಮಲಗಿದಳು. ಮಾರ್ಫಿನ್ ಕೊಟ್ಟ ಮೊದಲ ದಿನ ಹಿರಿಮಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲೇ ಕುಳಿತಳು. ಮಂಪರು ಕಂಡಾಗೆಲ್ಲ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು. ಕೊನೆಗೆ ಬ್ರೆಡ್ಡಮ್ಮ ಕಣ್ಣು ಬಿಟ್ಟು ಗದರಿದಳು. "ಅದೇನೇ ಮೂಗಿಗೆ ಬೆರಳು! ಬದುಕಿದ್ದೀನಿ ಹೋಗೇ. ಸ್ವಲ್ಪ ಗಂಜಿ ಕೊಡು, ಹಸಿವಾಗ್ತಿದೆ."

ಹಿರಿಮಗಳು ಗಂಜಿ ಬಿಸಿಗಿಟ್ಟು ಒಲೆಯ ಮುಂದೆ ನಿಂತೇ ಅತ್ತಳು. ಸಂತೋಷಕ್ಕೆ.

ಮಂಪರು ಇಳಿದ ಮೇಲೆ ಒಂದು ಬೆಳಿಗ್ಗೆ ಮಗಳು ಅಮ್ಮನ ಕೂದಲುದುರಿದ ತಲೆಗೆ ಬಟ್ಟೆ ಕಟ್ಟುತ್ತಿದ್ದಾಗ ಬ್ರೆಡ್ಡಮ್ಮ ಮೆಲ್ಲಗೆ ಕೇಳಿದಳು. "ಇದು ವಾಸಿ ಆಗೋದಲ್ಲ, ಅಲ್ವಾ?"

ಹಿರಿಮಗಳ ಕೈ ನಿಂತಿತು. 'ಅವರಾಗೇ ಕೇಳಿದ್ರೆ ಸುಳ್ಳು ಹೇಳ್ಬೇಡಿ. ಎಷ್ಟು ಕೇಳ್ತಾರೋ ಅಷ್ಟು ಹೇಳಿ' ಎಂದು ನರ್ಸ್ ಹೇಳಿದ್ದರು. "ಹೌದಮ್ಮ. ಪೂರ್ತಿ ವಾಸಿ ಆಗಲ್ವಂತೆ. ಹತೋಟೀಲಿ ಇಡಬಹುದಂತೆ."

"ಗೊತ್ತಿತ್ತು ಬಿಡು. ನಿಮ್ಮಪ್ಪನ ಮುಖ ನೋಡಿದ್ರೆ ಗೊತ್ತಾಗಲ್ವಾ? ಮಕ್ಕಳಿಗೆ ಗೊತ್ತಿಲ್ಲ ಅಂದ್ಕೊಂಡು ನಾನು ಸುಮ್ಮನಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಳು ಬಂತು. ಅಳುತ್ತಲೇ ನಗುವೂ ಬಂತು. ಒಂದೇ ಮನೆಯಲ್ಲಿ ಎಲ್ಲರೂ ಎಲ್ಲರಿಂದಲೂ ಒಂದೇ ಗುಟ್ಟನ್ನು ಮುಚ್ಚಿಟ್ಟಿದ್ದರು!

ಆವತ್ತು ನಾಲ್ವರೂ ಒಟ್ಟಿಗೆ ಕುಳಿತು ಮಾತನಾಡಿದರು. "ನಿನಗೇನು ಬೇಕು ಹೇಳು" ಎಂದರು ಅಪ್ಪ. ಬ್ರೆಡ್ಡಮ್ಮ ಬೆರಳು ಮಡಚುತ್ತಾ ಹೇಳಿದಳು. ಮೈ ಒಪ್ಪುವಷ್ಟು ದಿನ ಚಿಕಿತ್ಸೆ ಬೇಕು. ಒಪ್ಪದಿದ್ದಾಗ ತಾನೇ ಸಾಕು ಎನ್ನುತ್ತಾಳೆ, ಆಗ ಯಾರೂ ಬಲವಂತ ಮಾಡಬಾರದು. ಕೊನೆಯ ದಿನಗಳಲ್ಲಿ ಮನೆಯಲ್ಲೇ ಇರಬೇಕು. ಹಿರಿಮಗಳು ವಾರದಲ್ಲಿ ಒಂದು ದಿನ ಹೊರಗೆ ಸುತ್ತಾಡಿ ಬರಬೇಕು, "ಇಲ್ಲಾಂದ್ರೆ ನನಗಿಂತ ಮೊದ್ಲು ಇವಳೇ ಮಲಗ್ತಾಳೆ." ಆಮೇಲೆ ಗಂಡನ ಕಡೆ ತಿರುಗಿದಳು. "ನಿಮಗೆ ಹಿಟ್ಟು ನಾದೋದು ಕಲಿಸ್ಬೇಕು."

ಅಪ್ಪ ಕಂಗಾಲಾದರು. ಆದರೆ ಕಲಿತರು. ಬ್ರೆಡ್ಡಮ್ಮ ಬೆನ್ನಿಗೆ ದಿಂಬು ಕೊಟ್ಟುಕೊಂಡು ಎತ್ತರದ ಕುರ್ಚಿಯಲ್ಲಿ ಕುಳಿತು ಅಪ್ಪಣೆ ಮಾಡುತ್ತಿದ್ದಳು.

"ಗೋಡೆಗೆ ಬಣ್ಣ ಬಳಿಯೋ ಹಾಗಲ್ಲ ರೀ! ಅಂಗೈ ಒತ್ತಿ, ಮಡಚಿ, ತಿರುಗಿಸಿ. ಇಷ್ಟು ವರ್ಷ ನನ್ನ ಜೊತೆ ಇದ್ದು ಇಷ್ಟೂ ನೋಡ್ಲಿಲ್ವಾ?"

"ನಾನು ಹಿಟ್ಟು ನೋಡ್ತಿರ್ಲಿಲ್ಲ, ನಿನ್ನ ನೋಡ್ತಿದ್ದೆ" ಎಂದರು ಅಪ್ಪ, ತಲೆ ಎತ್ತದೆ.

ಬ್ರೆಡ್ಡಮ್ಮ ಕೆಂಪಾದಳು. ತಮ್ಮ ಜೋಕು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಹಿರಿಮಗಳು ಆ ದಿನ ಅಕ್ಕಪಕ್ಕದವರಿಗೆ ಅಂಗಡಿ ಒಪ್ಪಿಸಿ, ಒಬ್ಬಳೇ ದೂರದವರೆಗೆ ನಡೆದು ಬಂದಳು.

ಹೀಗೆ ಒಂದು ವರ್ಷಕ್ಕೂ ಮೀರಿ ಕಳೆಯಿತು. ಎಲ್ಲ ದಿನಗಳೂ ಒಂದೇ ಸಮ ಇರಲಿಲ್ಲ. ಕೆಲವು ದಿನ ನೋವು ಏರುತ್ತಿತ್ತು, ನರ್ಸ್ ಬರುತ್ತಿದ್ದರು, ಔಷಧಿಯ ಅಳತೆ ಬದಲಾಗುತ್ತಿತ್ತು. ಮೈ ಸೋತಾಗ ಬ್ರೆಡ್ಡಮ್ಮನೇ "ಇನ್ನು ಕೀಮೋ ಸಾಕು" ಎಂದಳು. ಹಿರಿಮಗಳಿಗೆ ಒಪ್ಪಲು ಕಷ್ಟವಾಯಿತು, ಆದರೂ ಒಪ್ಪಿದಳು. ನೋವಿನ ಆರೈಕೆ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ತನ್ನ ಮಂಚದ ಮೇಲೆ, ಗಂಡನ ಅಂಗೈಯಲ್ಲಿ ಕೈಯಿಟ್ಟು, ಹುಬ್ಬು ಕೂಡ ಗಂಟಿಕ್ಕದೆ ಬ್ರೆಡ್ಡಮ್ಮ ಉಸಿರು ನಿಲ್ಲಿಸಿದಳು. ಹಿರಿಮಗಳು ಅವಳ ಪಾದ ಸವರುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ನೋವು ನುಂಗಿಕೊಂಡು ಕುಳಿತಿರಬಹುದು. ನಿಮಗೆ ಹೊರೆಯಾಗಬಾರದು ಎಂದು ಅವರು ಸುಮ್ಮನಿರುತ್ತಾರೆ, ಅವರು ನೊಂದುಕೊಳ್ಳಬಾರದು ಎಂದು ನೀವು ಸುಮ್ಮನಿರುತ್ತೀರಿ. ಈ ಸುಮ್ಮನಿರುವಿಕೆಯಲ್ಲಿ ನರಳುವುದು ಇಬ್ಬರೂ. ಕಾಯಿಲೆ ದೊಡ್ಡದಾದ ಮೇಲೆ ನೋಡೋಣ ಎನ್ನಬೇಡಿ. ನೋವು, ಸಂಕಟ ಇಳಿಸುವ ಈ ಉಪಶಾಮಕ ಆರೈಕೆ ಎಂದರೆ ಕೈಬಿಡುವುದಲ್ಲ, ಕೈ ಹಿಡಿಯುವುದು. ಚಿಕಿತ್ಸೆಯ ಮೊದಲ ದಿನದಿಂದಲೇ ಅದನ್ನು ಕೇಳಿ ಪಡೆಯಬಹುದು. ಮನೆಯವರೆಲ್ಲ ಕೆಲಸ ಹಂಚಿಕೊಳ್ಳಿ, ನೋಡಿಕೊಳ್ಳುವವರಿಗೂ ವಿಶ್ರಾಂತಿ ಕೊಡಿ. ಕಾಯಿಲೆಯವರಿಗೆ ಏನು ಬೇಕು ಎಂದು ಅವರನ್ನೇ ಕೇಳಿ. ಮತ್ತೆ ಆಸ್ಪತ್ರೆಗೆ ಹೋದಾಗ ಸಂಕೋಚ ಬಿಟ್ಟು, ಡಾಕ್ಟರ ಎದುರು ಕುಳಿತು, ಬಾಯಿಬಿಟ್ಟು ಹೇಳಿ: "ನಮ್ಮಮ್ಮನಿಗೆ ತುಂಬಾ ನೋವಿದೆ. ಅದನ್ನ ಕಡಿಮೆ ಮಾಡಿ."