ದ್ವೀಪಕ್ಕೆ ಹೊರಟ ಹನ್ನೆರಡು ಪರದೆ

ಭಾವನಿಗೆ ಕೆಲಸ ಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವುದೂ ಬರುತ್ತಿರಲಿಲ್ಲ. ಆದರೆ ಅಕ್ಕನನ್ನು ಮದುವೆಯಾಗಿ ನಮ್ಮ ಹೊಲಿಗೆ ಅಂಗಡಿಗೆ ಕಾಲಿಟ್ಟ ಮೂರೇ ತಿಂಗಳಲ್ಲಿ ಹೊಳೆಯುವ ಅಕ್ಷರಗಳಲ್ಲಿ ‘ಡೈರೆಕ್ಟರ್’ ಎಂದು ಕಾರ್ಡು ಮಾಡಿಸಿಕೊಂಡಿದ್ದ. ಅಂಗಡಿ ಎಂದರೆ ಎರಡು ಮಷಿನ್, ಒಂದು ಮೇಜು, ಅಕ್ಕ ಮತ್ತು ನಾನು. ಡೈರೆಕ್ಟ್ ಮಾಡಲು ಬೇರೆ ಯಾರೂ ಇಲ್ಲದ್ದರಿಂದ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ನಮ್ಮಿಬ್ಬರನ್ನೇ ಡೈರೆಕ್ಟ್ ಮಾಡುತ್ತಿದ್ದ.

ದ್ವೀಪದ ರೆಸಾರ್ಟಿನ ಕೆಲಸ ತಂದವನು ಅವನೇ ಎಂಬುದನ್ನು ಒಪ್ಪಬೇಕು. ಬಾಯಿ ಇತ್ತು, ತಂದ. ಕಿಟಕಿಗಳ ಅಳತೆಯನ್ನೂ ತಾನೇ ಹೋಗಿ ಬರೆದುಕೊಂಡು ಬಂದ. ಮೊದಲು ಆರು ಕೋಣೆಗಳಿಗೆ ಪರದೆ ಹೊಲಿದು ತೂಗುಹಾಕಿ ತೋರಿಸಬೇಕು. ಮೆಚ್ಚಿದರೆ ಉಳಿದ ಐವತ್ತನಾಲ್ಕು ಕೋಣೆಗಳೂ ನಮಗೆ. ಆ ಕೆಲಸ ಸಿಕ್ಕರೆ ಅಕ್ಕ ಕಂಡವರ ಪ್ಯಾಂಟಿನ ಜಿಪ್ಪು ಬದಲಿಸುವ ಚಿಲ್ಲರೆ ಕೆಲಸ ಬಿಟ್ಟು, ಇಬ್ಬರನ್ನು ಕೂಲಿಗಿಟ್ಟುಕೊಂಡು, ಕತ್ತರಿಸುವುದಷ್ಟನ್ನೇ ಮಾಡಿಕೊಂಡು ಇರಬಹುದಿತ್ತು. ಹನ್ನೊಂದು ವರ್ಷದಿಂದ ಅವಳು ಕೇಳಿದ್ದು ಅದೊಂದೇ. ಹತ್ತೊಂಬತ್ತು ದಿನ ಕೂತು ಹನ್ನೆರಡು ಪರದೆ ಮುಗಿಸಿದೆವು. ಪ್ರತಿಯೊಂದಕ್ಕೂ ಹಿಂಬದಿಗೆ ದಪ್ಪ ಅಸ್ತರಿ, ಕೆಳಗೆ ನಾಲ್ಕು ಇಂಚಿನ ಮಡಿಕೆ.

ಭಾವ ಸಿಕ್ಕಿದ್ದರಲ್ಲೇ ಅಗ್ಗದ ವಿಮಾನದ ಟಿಕೆಟ್ ತೆಗೆಸಿದ್ದ. ತಲೆಗೆ ಏಳು ಕಿಲೋ ಕೈಚೀಲ, ಅಷ್ಟೇ. ದೊಡ್ಡ ಪೆಟ್ಟಿಗೆ ಹಾಕಲು ಬೇರೆ ದುಡ್ಡು.

“ಪೆಟ್ಟಿಗೆ ಹಾಕೋಣಾರೀ, ಕತ್ತರಿ ಇದೆ,” ಎಂದಳು ಅಕ್ಕ.

“ಹೊಲಿದಾಯ್ತಲ್ಲ, ಇನ್ಯಾಕೆ ಕತ್ತರಿ? ಅಲ್ಲೇನು ಸಮುದ್ರಕ್ಕೆ ಅಂಚು ಹೊಲೀತೀಯಾ?”

ಆದರೂ ಅವಳು ಕತ್ತರಿ ಇಟ್ಟುಕೊಂಡು ಬಂದಳು. ತಪಾಸಣೆಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ತೊಟ್ಟಿಗೆ ಹಾಕಿದ. ಭಾವ ಹಿಂದೆ ನಿಂತು, “ಹೇಳಿದ್ನಲ್ಲ,” ಎಂದ. ಅವನು ಹೇಳಿದ್ದು ಬೇರೆ. ಆದರೆ ಏನೇ ಆದರೂ ತಾನು ಹೇಳಿದ್ದೇ ಆಯಿತು ಅನ್ನುವುದು ಅವನ ಜಾಯಮಾನ.

ಗೇಟಿನಲ್ಲಿ ಚೀಲ ತೂಗಿದರು. ಭಾವನ ಚೀಲದಲ್ಲಿ ಒಂದೂ ಪರದೆ ಇರಲಿಲ್ಲ; ಶರ್ಟು ಸುಕ್ಕಾಗುತ್ತದಂತೆ. ಅಗಲ ಅಂಚಿನ ಹ್ಯಾಟು, ಹೂವಿನ ಚಡ್ಡಿ ಎರಡು, ಕಪ್ಪು ಕನ್ನಡಕ, ಬಿಸಿಲಿಗೆ ಹಚ್ಚುವ ಕ್ರೀಮು ಇದ್ದವು. ಪರದೆಯೆಲ್ಲ ನನ್ನ ಮತ್ತು ಅಕ್ಕನ ಚೀಲದಲ್ಲಿ. ಎರಡೂ ಏಳು ಕಿಲೋ ದಾಟಿದವು. ಗೇಟಿನ ಹುಡುಗಿ ಆಗಲ್ಲವೆಂದು ತಲೆಯಾಡಿಸಿದಳು. ಅಕ್ಕ ಒಂದು ಪರದೆ ತೆಗೆದು ಹೊದ್ದುಕೊಂಡಳು. ನನಗೂ ಒಂದು ಹೊದಿಸಿದಳು.

“ಈಗ ಸರಿಯೇನಮ್ಮಾ?”

ಹುಡುಗಿ ನಗು ತಡೆದುಕೊಂಡು ನಮ್ಮನ್ನು ಒಳಗೆ ಬಿಟ್ಟಳು. ಇಬ್ಬರೂ ಕಿಟಕಿಗಳ ಹಾಗೆ ವಿಮಾನದ ಕಡೆ ನಡೆದೆವು. ಭಾವ ನಮ್ಮ ಪರಿಚಯವೇ ಇಲ್ಲದವನ ಹಾಗೆ ಇಪ್ಪತ್ತು ಹೆಜ್ಜೆ ಮುಂದೆ ಹೋಗುತ್ತಿದ್ದ.

ಆ ವಿಮಾನದ ಸೀಟು ಮನುಷ್ಯರಿಗೆ ಮಾಡಿದ್ದಲ್ಲ. ಹಿಂದಕ್ಕೆ ಬಾಗುವುದಿಲ್ಲ, ಮಂಡಿ ಮುಂದಿನವನ ಬೆನ್ನಿಗೆ ತಾಗುತ್ತದೆ. ನೀರು ಕೇಳಿದರೆ ಬೆಲೆಪಟ್ಟಿ ಕೊಡುತ್ತಾರೆ. ಭಾವನಿಗೆ ಕೋಪ ಬಂತು. ಕೀಲಿಗೊಂಚಲಿಗೆ ಸಿಕ್ಕಿಸಿದ್ದ ಪುಟ್ಟ ಸ್ಟೀಲ್ ಟೇಪು ಎಳೆದು ಸೀಟಿನ ಸಂದು ಅಳೆಯಲು ಶುರುಮಾಡಿದ.

“ನೋಡೋ, ಒಂಬತ್ತು ಇಂಚು! ಒಂಬತ್ತು ಇಂಚಲ್ಲಿ ಕಾಲಿಡೋಕೆ ನಾನೇನು ಕೊಕ್ಕರೆನಾ?”

ಅಕ್ಕ ಟೇಪನ್ನೇ ನೋಡಿದಳು. “ರೀ, ಇದು ಯಾವಾಗ ತಗೊಂಡ್ರಿ?”

“ಹೋದ ತಿಂಗಳು. ನಮ್ಮ ಹರಕು ಟೇಪು ಹಿಡ್ಕೊಂಡು ರೆಸಾರ್ಟಿಗೆ ಹೋಗೋಕಾಗುತ್ತಾ? ಮರ್ಯಾದೆ ಬೇಡ್ವಾ?”

“ಕಿಟಕಿ ಇದರಲ್ಲೇ ಅಳೆದ್ರಾ?”

“ಮತ್ತೆ ಗೇಣಲ್ಲಿ ಅಳೀಲಾ?”

ಅಕ್ಕ ಕಣ್ಣು ಮುಚ್ಚಿಕೊಂಡಳು.

ನಮ್ಮ ಅಂಗಡಿಯ ಬಟ್ಟೆ ಟೇಪಿನ ತುದಿ ಎಂದೋ ಹರಿದುಹೋಗಿದೆ. ಅದು ಶುರುವಾಗುವುದೇ ಎರಡರಿಂದ. ಹೊಸದು ತರುವಂತಿಲ್ಲ, ಹಳೇ ಗಿರಾಕಿಗಳ ಅಳತೆ ಪುಸ್ತಕವೆಲ್ಲ ಆ ಟೇಪಿನ ಲೆಕ್ಕದಲ್ಲೇ ಇದೆ. ಹಾಗಾಗಿ ಅಳೆದವರು ಟೇಪಿನಲ್ಲಿ ಕಂಡದ್ದನ್ನು ಹಾಗೇ ಬರೆಯುತ್ತೇವೆ, ಮೇಜಿಗೆ ಹೊಡೆದಿರುವ ಅಡಿಪಟ್ಟಿಯಲ್ಲಿ ಕತ್ತರಿಸುವಾಗ ಎರಡು ಇಂಚು ಕಳೆಯುತ್ತೇವೆ. ಭಾವ ಬರೆದುಕೊಟ್ಟ ಅಳತೆಯಲ್ಲೂ ಅಕ್ಕ ಎರಡು ಇಂಚು ಕಳೆದಿದ್ದಳು. ಅವನು ಸರಿಯಾದ ಟೇಪಿನಲ್ಲಿ ಅಳೆದಿದ್ದ. ಜೀವಮಾನದಲ್ಲಿ ಒಮ್ಮೆ ಕೆಲಸ ಸರಿಯಾಗಿ ಮಾಡಿ, ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹನ್ನೆರಡು ಪರದೆಯೂ ಎರಡೆರಡು ಇಂಚು ಗಿಡ್ಡ.

ವಿವರಿಸಿದಾಗ ಭಾವ, “ಎರಡು ಇಂಚು ತಾನೇ? ಯಾರು ನೆಲಕ್ಕೆ ಬಗ್ಗಿ ನೋಡ್ತಾರೆ?” ಎಂದು ಹ್ಯಾಟನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಮಾಡಿದ. ಗೊರಕೆಯನ್ನೂ ಹೊಡೆದ.

ದೋಣಿಕಟ್ಟೆ ಮುಟ್ಟುವ ಹೊತ್ತಿಗೆ ಅಕ್ಕ ದಾರಿ ಹುಡುಕಿಟ್ಟಿದ್ದಳು. ಮಡಿಕೆ ಬಿಚ್ಚಿ ಅರ್ಧಕ್ಕೆ ಇಳಿಸಿದರೆ ಎರಡು ಇಂಚು ಸಿಗುತ್ತದೆ. ಹನ್ನೆರಡೂವರೆಯ ದೋಣಿ ಬಿಟ್ಟು ಮೂರೂವರೆಯದಕ್ಕೆ ಹೋದರೆ ಮೂರು ಗಂಟೆ. ಬಿಚ್ಚಿ, ಕೈಯಲ್ಲೇ ಹೊಲಿದು, ಅಲ್ಲಿ ಇಸ್ತ್ರಿ ಮಾಡಿದರೆ ಸಾಕು. ಗೂಡಂಗಡಿಗೆ ಹೋಗಿ ಎರಡು ಬ್ಲೇಡು ಕೇಳಿದಳು.

“ಯಾರ ಕತ್ತು ಕುಯ್ಯೋಕಮ್ಮಾ?” ಎಂದಳು ಅಂಗಡಿಯ ಮುದುಕಿ.

“ಇನ್ನೂ ಯೋಚಿಸ್ತಾ ಇದ್ದೀನಿ,” ಎಂದಳು ಅಕ್ಕ.

ಕಾಯುವ ಬೆಂಚಿನ ಮೇಲೆ ಮೊದಲ ಪರದೆ ಹರಡಿ ನಾವಿಬ್ಬರೂ ಎರಡು ತುದಿಯಿಂದ ಬಿಚ್ಚತೊಡಗಿದೆವು. ಅತ್ತಿತ್ತ ಹೋಗುವ ಪ್ರವಾಸಿಗಳು ನಿಂತು ನೋಡುತ್ತಿದ್ದರು. ಭಾವ ಹಲ್ಲು ಕಚ್ಚಿ ಬಂದ.

“ಎದ್ದೇಳೇ. ಬೀದೀಲಿ ಕೂತು ಹರಕು ಹೊಲಿಯೋರ ಥರ! ಮೊದಲನೇ ದೋಣೀಲಿ ಬರ್ತೀವಿ ಅಂತ ಹೇಳಿದ್ದೀನಿ. ಅಲ್ಲಿ ನಮ್ಮನ್ನ ಬರಮಾಡಿಕೊಳ್ಳೋಕೆ ಜನ ನಿಂತಿರ್ತಾರೆ.”

“ನಿಂತಿರ್ಲಿ. ಫೋನ್ ಮಾಡಿ ಮೂರೂವರೆಗೆ ಅನ್ನಿ.”

“ಡೈರೆಕ್ಟರಾಗಿ ನಾನು ಲೇಟ್ ಆಗುತ್ತೆ ಅಂತ ಹೇಳ್ಲಾ?”

“ಭಾವ, ಪರದೆ ಗಿಡ್ಡ ಇದೆ ಅಂತ ಅಲ್ಲಿ ಹೇಳೋದಕ್ಕಿಂತ ಇದು ವಾಸಿ,” ಎಂದೆ.

“ನೀನು ಬಾಯಿ ಮುಚ್ಚೋ,” ಎಂದವನೇ ಎರಡೂ ಚೀಲ ಎತ್ತಿಕೊಂಡು ಹೋಗಿ ದೋಣಿಗೆ ಎಸೆದ. ಅವುಗಳಲ್ಲಿ ಹನ್ನೊಂದು ಪರದೆ ಇದ್ದವು. ನಾವು ಹನ್ನೆರಡನೆಯದನ್ನು ಹಿಡಿದುಕೊಂಡು ಹಿಂದೆಯೇ ಓಡಿದೆವು.

ಅಕ್ಕ ಸೋಲಲಿಲ್ಲ. ದೋಣಿಯಲ್ಲೂ ಕೂತು ಬಿಚ್ಚಿದಳು. ಭಾವ ಮುಂತುದಿಯಲ್ಲಿ ನಿಂತು ಕೈ ಚಾಚಿ ಫೋಟೋ ಹೊಡೆದುಕೊಳ್ಳುತ್ತಿದ್ದ. ದೋಣಿಯವನು ಎರಡು ಸಲ ಕೂರಲು ಹೇಳಿದ, ಮೂರನೇ ಸಲ ಬೈದ. ಅಲೆಯೊಂದು ದೋಣಿಯ ಪಕ್ಕಕ್ಕೆ ಬಡಿಯಿತು. ನೀರೆಲ್ಲ ನಮ್ಮ ಮಡಿಲಿಗೆ. ಅರ್ಧ ಬಿಚ್ಚಿದ್ದ ನಾಲ್ಕು ಪರದೆಗಳು ಉಪ್ಪುನೀರಲ್ಲಿ ತೊಯ್ದು ಅಸ್ತರಿಯ ಬಣ್ಣ ಮುಂಭಾಗಕ್ಕೆ ಹತ್ತಿತು. ಅಕ್ಕ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟಳು.

ದ್ವೀಪದ ಕಟ್ಟೆಯಲ್ಲಿ ನಿಜಕ್ಕೂ ಜನ ನಿಂತಿದ್ದರು. ಹೂಮಾಲೆ, ತಣ್ಣನೆಯ ಶರಬತ್ತು, ತಾಳ ಬಾರಿಸುವ ಇಬ್ಬರು. ಭಾವ ಹ್ಯಾಟು ಸರಿಮಾಡಿಕೊಂಡು ಕತ್ತು ಚಾಚಿದ. ಮಾಲೆ ಹಿಡಿದವಳು ಅವನ ಹೆಗಲ ಮೇಲಿಂದ ಹಿಂದಿನವನಿಗೆ ಹಾಕಿದಳು. ಪಟ್ಟಿ ಹಿಡಿದಿದ್ದ ಕಾವಲುಗಾರ, “ಪರದೆಯವರಾ? ಹಿಂದಿನ ಗೇಟು. ತರಕಾರಿ ಗಾಡಿ ಪಕ್ಕದಲ್ಲಿ ಹೋಗಿ,” ಎಂದ.

ಕೋಣೆಗಳ ಮೇಲ್ವಿಚಾರಕಿ ಒಣ ಮುಖದ, ಚುರುಕಾದ ಹೆಂಗಸು. ನೆನೆಯದೆ ಉಳಿದಿದ್ದ ಎರಡು ಪರದೆಗಳನ್ನು ತೂಗುಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತಳು. ಕೆಳಗೆ ಬಿಳಿ ಪಟ್ಟಿಯ ಹಾಗೆ ಬೆಳಕು. ಯಾರೂ ಬಗ್ಗಬೇಕಾಗಿರಲಿಲ್ಲ.

“ಇದು ಈಗಿನ ಸ್ಟೈಲು ಮೇಡಂ,” ಎಂದ ಭಾವ. “ಗಾಳಿ ಆಡುತ್ತೆ.”

“ಗಾಳಿಗೆ ಎಸಿ ಇದೆ.”

ಅಕ್ಕ ಮುಂದೆ ಬಂದಳು. “ತಪ್ಪು ನಮ್ಮದೇ ಮೇಡಂ. ಮಡಿಕೆಯಲ್ಲಿ ಬಟ್ಟೆ ಇದೆ. ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ ಕೊಡಿ. ಎಂಟು ಪರದೆ ಬೆಳಿಗ್ಗೆ ಹತ್ತರೊಳಗೆ ಸರಿಮಾಡ್ತೀನಿ. ನೆಂದ ನಾಲ್ಕು ಹೊಸದಾಗಿ ಹೊಲಿದು ವಾರದಲ್ಲಿ ಕಳಿಸ್ತೀನಿ.”

ಮೇಲ್ವಿಚಾರಕಿ ಮಡಿಕೆಯನ್ನು ತಿರುಗಿಸಿ ಹೊಲಿಗೆ ನೋಡಿದಳು. ಬೆರಳಾಡಿಸಿದಳು. “ಕೈ ಚೆನ್ನಾಗಿದೆ. ಯಾರು ಹೊಲಿದದ್ದು?”

“ನಾನು, ನನ್ನ ತಮ್ಮ.”

“ನಾಳೆ ಮಧ್ಯಾಹ್ನ ಗೆಸ್ಟ್ ಬರ್ತಾರೆ. ಆಗುತ್ತಾ?”

“ಆಗುತ್ತೆ.”

ಕೆಲಸ ಉಳಿಯಿತು ಅನ್ನುವಷ್ಟರಲ್ಲಿ ಭಾವನ ಮರ್ಯಾದೆ ಎದ್ದು ನಿಂತಿತು.

“ತಪ್ಪು ನಮ್ಮದು ಅಂತ ಯಾಕೆ ಒಪ್ಕೊಳ್ತೀಯೇ? ಅಳತೆ ತೆಗೆದವನು ನಾನು. ಸ್ಟೀಲ್ ಟೇಪು! ಮೇಡಂ, ಪರದೆ ಗಿಡ್ಡ ಆಗಿಲ್ಲ. ನಿಮ್ಮ ನೆಲ ಇಳಿದಿದೆ.”

“ಏನಂದ್ರಿ?”

“ಸಮುದ್ರದ ಮರಳು ನೋಡಿ. ಒಂದು ತಿಂಗಳಲ್ಲಿ ಎರಡು ಇಂಚು ಕುಸಿದಿದೆ.”

“ಆರೂ ಕೋಣೆ, ಸರಿಯಾಗಿ ಎರಡೆರಡು ಇಂಚು?”

“ಒಟ್ಟಿಗೆ ಕಟ್ಟಿದ್ದಲ್ವಾ, ಒಟ್ಟಿಗೇ ಕುಸಿಯುತ್ತೆ!” ಭಾವನ ಗಂಟಲು ಮೊದಲೇ ದೊಡ್ಡದು.

ಪಕ್ಕದ ಜಗಲಿಯಲ್ಲಿ ಶರಬತ್ತು ಹೀರುತ್ತಿದ್ದ ದಂಪತಿ ಎದ್ದು ನಿಂತರು. “ಏನ್ರೀ, ಕುಸೀತಾ ಇದೆಯಾ?” ಎಂದ ಗಂಡ. ಹೆಂಡತಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಮೇಲ್ವಿಚಾರಕಿ ಅವರಿಬ್ಬರನ್ನು ಸಮಾಧಾನ ಮಾಡಿ ಕೂರಿಸಿ ಬರಲು ಕಾಲುಗಂಟೆ ಹಿಡಿಯಿತು. ಬಂದವಳು ಭಾವನ ಕಡೆ ನೋಡಲೇ ಇಲ್ಲ. ಪರದೆಗಳನ್ನು ಕೊಕ್ಕೆಯಿಂದ ಬಿಡಿಸಿ, ಮಡಚಿ, ಅಕ್ಕನ ಕೈಗಿಟ್ಟಳು.

“ನಿಮ್ಮ ಕೆಲಸಕ್ಕೆ ನಾನು ಇಲ್ಲ ಅನ್ನಲ್ಲಮ್ಮ. ಆದರೆ ಈ ಮನುಷ್ಯನನ್ನ ಐವತ್ತನಾಲ್ಕು ಕೋಣೆಗೆ ಬಿಟ್ಟುಕೊಳ್ಳೋಕೆ ನನ್ನ ಕೈಲಾಗಲ್ಲ. ಐದು ಗಂಟೆಗೆ ವಾಪಸ್ ದೋಣಿ ಇದೆ.”

ಅಕ್ಕ ಪರದೆಗಳನ್ನು ಚೀಲಕ್ಕೆ ತುಂಬಿದಳು. ಭಾವ ಕಾವಲುಗಾರನ ಹತ್ತಿರ, ದೋಣಿಗೆ ಇನ್ನೂ ಹೊತ್ತಿದೆಯಲ್ಲ, ಈಜುಕೊಳಕ್ಕೆ ಹೊರಗಿನವರನ್ನು ಬಿಡುತ್ತಾರೆಯೇ ಎಂದು ಕೇಳುತ್ತಿದ್ದ. ಬಿಡುವುದಿಲ್ಲವೆಂದಾಗ ಇದೆಂಥ ದರಿದ್ರ ರೆಸಾರ್ಟು ಎಂದ.

ಹೋದದ್ದು ಇಷ್ಟು: ಐವತ್ತನಾಲ್ಕು ಕೋಣೆ, ನಾಲ್ಕು ಪರದೆ, ಇಬ್ಬರ ಹತ್ತೊಂಬತ್ತು ದಿನ.